12 ಅಡಿ ಫೈಬರ್ ದೋಣಿಗೆ ಎಷ್ಟು ಪೌಂಡಿನ ಎಲೆಕ್ಟ್ರಿಕ್ ಟ್ರೋಲಿಂಗ್ ಮೋಟಾರ್ ಬೇಕು? ಮನೆಯ ಇನ್ವರ್ಟರ್ ಬ್ಯಾಟರಿ ಸಾಕಾಗುತ್ತದೆಯೇ?

ನೀವು ಕೇಳಿದ್ದು ಇಷ್ಟು: ತುಮರಿ ಕಡೆಯ ಶರಾವತಿ ಹಿನ್ನೀರಿನಲ್ಲಿ ಇಬ್ಬರು ಕೂತು ಬಲೆ ಹಾಕುವ 12 ಅಡಿಯ ಫೈಬರ್ ದೋಣಿ ಇದೆ. ಹುಟ್ಟು ಹಾಕಿ ಹಾಕಿ ರಟ್ಟೆ ಸೋತಿದೆ. ಟ್ರೋಲಿಂಗ್ ಮೋಟಾರ್, ಅಂದರೆ ಬ್ಯಾಟರಿಯಲ್ಲಿ ಓಡಿ ದೋಣಿಯನ್ನು ನಿಧಾನವಾಗಿ ತಳ್ಳುವ ಸಣ್ಣ ಮೋಟಾರ್, ಅದರಲ್ಲಿ 30, 55 ಮತ್ತು 80 ಪೌಂಡಿನವನ್ನು ನೋಡಿದ್ದೀರಿ. ಯಾವುದು ತಗೊಳ್ಳಬೇಕು, ಮನೆಯಲ್ಲಿರುವ 150 ಎಎಚ್ (ಆಂಪ್-ಅವರ್, ಅಂದರೆ ಎಷ್ಟು ಆಂಪ್ ಎಷ್ಟು ಗಂಟೆ ಸಿಗುತ್ತದೆ ಎಂಬ ಅಳತೆ) ಇನ್ವರ್ಟರ್ ಬ್ಯಾಟರಿಯನ್ನೇ ದೋಣಿಗೆ ಇಟ್ಟುಕೊಳ್ಳಬಹುದೇ?

ಮೊದಲು ನೇರವಾಗಿ ಹೇಳಿಬಿಡುತ್ತೇನೆ. 12 ವೋಲ್ಟಿನ 55 ಪೌಂಡ್ ಮೋಟಾರ್, 36 ಇಂಚಿನ ದಂಡ (ಮೋಟಾರನ್ನು ನೀರಿಗಿಳಿಸುವ ಕೋಲು), ದೋಣಿಯ ಹಿಂದಿನ ಹಲಗೆಗೆ ಸ್ಕ್ರೂ ಬಿಗಿದು ಕೂರಿಸುವ ಮಾದರಿ. ಇನ್ವರ್ಟರ್ ಬ್ಯಾಟರಿ ಬೇಡ. ನಿಮ್ಮ ಹಣವನ್ನು ಮೋಟಾರಿಗಿಂತ ಬ್ಯಾಟರಿಗೆ, ವೈರಿಗೆ ಜಾಸ್ತಿ ಇಡಿ. ನೀರಿನ ಮಧ್ಯೆ ಕೈಕೊಡುವುದು ಹೆಚ್ಚಾಗಿ ಅವೆರಡೇ.

ಪೌಂಡ್ ಅಂದರೆ ಮೋಟಾರ್ ತಳ್ಳುವ ಬಲ. 55 ಪೌಂಡ್ ಅಂದರೆ ಸುಮಾರು 25 ಕೆ.ಜಿ. ಬಲ, ಅದೂ ದೋಣಿಯನ್ನು ಕಟ್ಟಿಹಾಕಿ ಅಳೆದದ್ದು. ದೋಣಿ ಓಡುತ್ತಿರುವಾಗ ಅದಕ್ಕಿಂತ ಕಡಿಮೆ ಸಿಗುತ್ತದೆ. ಎಲ್ಲ ಕಡೆ ಹೇಳುವ ಲೆಕ್ಕ ಒಂದಿದೆ: ಸಾಮಾನು, ಜನ ಎಲ್ಲ ಸೇರಿದ ತೂಕದಲ್ಲಿ ಪ್ರತಿ 45 ಕೆ.ಜಿ.ಗೆ 2 ಪೌಂಡ್. ನಿಮ್ಮ ದೋಣಿ 110 ಕೆ.ಜಿ. ಅಂದುಕೊಳ್ಳಿ. ಇಬ್ಬರು 140, ಬಲೆ, ಲಂಗರು, ಹಗ್ಗ 30, ಐಸ್ ಮತ್ತು ಮೀನಿನ ಪೆಟ್ಟಿಗೆ 40, ಬ್ಯಾಟರಿ, ಮೋಟಾರ್ ಸೇರಿ 30. ಒಟ್ಟು 350. ಲೆಕ್ಕದ ಪ್ರಕಾರ 16 ಪೌಂಡ್ ಸಾಕು, ಅಂದಮೇಲೆ 30 ಪೌಂಡಿನದೇ ಧಾರಾಳವಾಯಿತಲ್ಲ ಅನ್ನಿಸುತ್ತದೆ. ಗಾಜನೂರು ಅಣೆಕಟ್ಟಿನ ಹಿಂದೆ ತುಂಗೆ ತಣ್ಣಗೆ ನಿಂತಿರುವ ಬೆಳಿಗ್ಗೆ ಹೊತ್ತಿಗಾದರೆ ಹೌದು, ಸಾಕು. ನಿಮ್ಮ ಶರಾವತಿ ಹಿನ್ನೀರಿಗೆ, ಅಂದರೆ ಲಿಂಗನಮಕ್ಕಿ ಜಲಾಶಯಕ್ಕೆ ಸಾಲದು, ಕಾರಣ ಗಾಳಿ.

ದೋಣಿಯ ಬದಿ, ಅದರಲ್ಲಿ ಕೂತ ಇಬ್ಬರ ಮೈ ಸೇರಿ ಗಾಳಿಗೆ ಸುಮಾರು ಒಂದೂವರೆ ಚದರ ಮೀಟರ್ ಎದುರಾಗುತ್ತದೆ. ಗಂಟೆಗೆ 25 ಕಿ.ಮೀ. ಗಾಳಿ ಇದನ್ನು ಹತ್ತು ಪೌಂಡಿನಷ್ಟು ಹಿಂದಕ್ಕೆ ತಳ್ಳುತ್ತದೆ. ಗಾಳಿ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟು. ಅಂದರೆ ಏಪ್ರಿಲ್–ಮೇ ಮಧ್ಯಾಹ್ನ ಗುಡುಗು ಕಟ್ಟಿ 50 ಕಿ.ಮೀ. ಗಾಳಿ ಬೀಸಿತೆಂದರೆ ನಿಂತಲ್ಲೇ ನಿಲ್ಲಲಿಕ್ಕೇ 40 ಪೌಂಡ್ ಬೇಕು. ಅಲೆಯ ಹೊಡೆತ ಬೇರೆ. 30 ಪೌಂಡಿನ ಮೋಟಾರ್ ಪೂರ್ತಿ ತಿರುಗುತ್ತಿದ್ದರೂ ದೋಣಿ ಹಿಂದಕ್ಕೇ ಹೋಗುತ್ತದೆ. 55ಕ್ಕೆ ದಡ ಸೇರುವಷ್ಟು ಜೀವ ಇರುತ್ತದೆ. ಅಂಥ ಗಾಳಿಯಲ್ಲಿ ನೀರಿಗೇ ಇಳಿಯಬಾರದು, ಆದರೆ ಅದು ನಡು ನೀರಿನಲ್ಲಿದ್ದಾಗ ಎದ್ದರೆ ಏನು ಎಂಬುದೇ ಮೋಟಾರ್ ಆರಿಸುವಾಗಿನ ಪ್ರಶ್ನೆ.

ಹಾಗಿದ್ದರೆ 80 ಯಾಕೆ ಬೇಡ? ಅದು 24 ವೋಲ್ಟ್. ಎರಡು ಬ್ಯಾಟರಿ, ಎರಡು ಚಾರ್ಜರ್, ಎರಡರಷ್ಟು ಖರ್ಚು. ವೇಗವೇನೂ ಎರಡರಷ್ಟಾಗುವುದಿಲ್ಲ. ಈ ಮೋಟಾರುಗಳ ಫ್ಯಾನೇ ನಿಧಾನವಾಗಿ, ಬಲವಾಗಿ ತಳ್ಳಲು ಮಾಡಿದ್ದು. ಮೇಲಾಗಿ 12 ಅಡಿಯ ದೋಣಿ ಗಂಟೆಗೆ ಸುಮಾರು 8 ಕಿ.ಮೀ. ದಾಟಬೇಕಾದರೆ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕು, ಅದಕ್ಕೆ ಪೆಟ್ರೋಲ್ ಇಂಜಿನ್ನೇ ಬೇಕು. 55 ಪೌಂಡಿನಲ್ಲಿ ತುಂಬಿದ ದೋಣಿ ಗಂಟೆಗೆ 5–6 ಕಿ.ಮೀ. ಹೋದರೆ ಅದು ಸರಿಯಾದ ಕೆಲಸ. ಓಡಾಟ ದೂರದ್ದಾದರೆ ಟ್ರೋಲಿಂಗ್ ಮೋಟಾರ್ ಯಾವುದೂ ನಿಮಗೆ ಆಗಿಬರುವುದಿಲ್ಲ.

ಸ್ಪೀಡ್ ಕಂಟ್ರೋಲಿನಲ್ಲಿ ಎರಡು ಜಾತಿ. ಮುಂದಕ್ಕೆ ಐದು, ಹಿಂದಕ್ಕೆ ಮೂರು ಎಂದು ಟಕ್ ಟಕ್ ತಿರುಗುವ ಗೇರಿನದು ಅಗ್ಗ. ಮಿನ್ ಕೋಟಾ ಕಂಪನಿಯ ಎಂಡ್ಯೂರಾ ಸಿ2 ಈ ಜಾತಿ. ಇದರಲ್ಲಿ ವೇಗ ಕಡಿಮೆ ಮಾಡಿದಾಗ ಉಳಿದ ವಿದ್ಯುತ್ತಿನ ಒಂದು ಪಾಲು ಕಾಯಿಲಿನಲ್ಲಿ ಬಿಸಿಯಾಗಿ ಹೋಗುತ್ತದೆ. ಇನ್ನೊಂದು ಪಿಡಬ್ಲ್ಯುಎಂ, ಅಂದರೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಹಾಕಿ ತೆಗೆದು ವೇಗ ಇಳಿಸುವ ಎಲೆಕ್ಟ್ರಾನಿಕ್ಸ್. ಎಂಡ್ಯೂರಾ ಮ್ಯಾಕ್ಸ್ ಈ ಥರದ್ದು. ನೀವು ಬಲೆ ಬಿಡುತ್ತಾ, ಗಾಳ ಎಳೆಯುತ್ತಾ ಬಹಳ ಹೊತ್ತು ಅರ್ಧ ವೇಗದಲ್ಲೇ ಇರುವವರು. ಪಿಡಬ್ಲ್ಯುಎಂಗೆ ಕೊಟ್ಟ ಹೆಚ್ಚಿನ ದುಡ್ಡು ಬ್ಯಾಟರಿಯಲ್ಲಿ ವಾಪಸ್ ಬರುತ್ತದೆ. ಒಂದೇ ಎಚ್ಚರ: ಪ್ಲಸ್ ಮೈನಸ್ ಅದಲುಬದಲಾದರೆ ಇದರ ಬೋರ್ಡ್ ಸುಟ್ಟುಹೋಗಬಹುದು. ಗೇರಿನದಾದರೆ ಫ್ಯಾನು ತಿರುಗಾಮುರುಗಾ ಓಡುತ್ತದೆ ಅಷ್ಟೆ.

ದಂಡದ ಉದ್ದವನ್ನು ಊಹೆಯಲ್ಲಿ ತಗೊಳ್ಳಬೇಡಿ. ಜನ, ಸಾಮಾನು ಎಲ್ಲ ತುಂಬಿ ದೋಣಿಯನ್ನು ನೀರಿಗೆ ಬಿಟ್ಟು, ಹಿಂದಿನ ಹಲಗೆಯ ತುದಿಯಿಂದ ನೀರಿನವರೆಗೆ ಅಳೆಯಿರಿ. 25 ಸೆಂ.ಮೀ. ಬಂತು ಅಂದುಕೊಳ್ಳಿ. ಮೋಟಾರಿನ ಉಂಡೆ ನೀರಿನ ಮಟ್ಟದಿಂದ 30 ಸೆಂ.ಮೀ. ಕೆಳಗಿರಬೇಕು. ಹಲಗೆಯ ಮೇಲೆ ಬ್ರಾಕೆಟ್ಟಿಗೆ, ಹಿಡಿಗೆ ಇನ್ನೊಂದು 20 ಸೆಂ.ಮೀ. ಸೇರಿ 75, ಅಂದರೆ 30 ಇಂಚಿಗೆ ಸರಿಯಾಗಿ ಮುಗಿಯಿತು. ಒಬ್ಬರೇ ಹೋದ ದಿನ, ಅಥವಾ ಅಲೆಗೆ ಹಿಂಬದಿ ಎದ್ದಾಗ ಫ್ಯಾನು ಮೇಲಿನಿಂದ ಗಾಳಿ ಎಳೆದುಕೊಳ್ಳುತ್ತದೆ: ಮೋಟಾರಿನ ಸದ್ದು ಏಕಾಏಕಿ ಏರುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಅದಕ್ಕೇ 36 ಇಂಚು ಹೇಳಿದ್ದು. ಉದ್ದ ಹೆಚ್ಚಾದರೆ ಕಾಲರ್ ಸಡಿಲಿಸಿ ಮೇಲಕ್ಕೆ ಎತ್ತಿಕೊಳ್ಳಬಹುದು, ಕಡಿಮೆಯಾದರೆ ಮಾಡುವುದಕ್ಕೇನೂ ಇಲ್ಲ.

ದಂಡ ಸ್ಟೀಲಿನದ್ದೋ ಕಾಂಪೊಸಿಟ್ಟೋ (ನಾರು ಸೇರಿಸಿದ ಗಟ್ಟಿ ಪ್ಲಾಸ್ಟಿಕ್) ಎಂದು ಕೇಳಿ ತಗೊಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನೀರಿನಡಿ ನಿಂತಿವೆ. ಜಲಾಶಯ ತುಂಬಿದಾಗಿನ ಮಟ್ಟ 1819 ಅಡಿ; ಬೇಸಿಗೆಯಲ್ಲಿ ನೀರು ಇಳಿದಂತೆ ಬೊಡ್ಡೆಗಳು ಮೊದಲು ಒಂದು ಗೇಣು ಕೆಳಗೆ, ಆಮೇಲೆ ಮೇಲಕ್ಕೇ ಬರುತ್ತವೆ. ಕಣ್ಣಿಗೆ ಕಾಣುವುದಕ್ಕಿಂತ ಆ ಒಂದು ಗೇಣು ಕೆಳಗಿರುವ ಬೊಡ್ಡೆಯೇ ಅಪಾಯ. ಕಾಂಪೊಸಿಟ್ ದಂಡ ಬಡಿದರೆ ಬಾಗಿ ಮತ್ತೆ ನೇರವಾಗುತ್ತದೆ, ಸ್ಟೀಲ್ ಬಾಗಿದರೆ ಬಾಗಿದ್ದೇ. ಫ್ಯಾನಿನ ಒಳಗೊಂದು ಸಣ್ಣ ಪಿನ್ ಇರುತ್ತದೆ, ಜೋರಾಗಿ ಬಡಿದಾಗ ಬಾಗುವುದೋ ಮುರಿಯುವುದೋ ಅದೇ. ಎರಡು ಪಿನ್, ಒಂದು ನಟ್, ಒಂದು ಫ್ಯಾನು, ಒಂದು ಸ್ಪ್ಯಾನರ್ ಡಬ್ಬಿಯಲ್ಲಿ ಹಾಕಿ ದೋಣಿಯಲ್ಲೇ ಇಡಿ. ಇವನ್ನು ಮೋಟಾರಿನ ಜೊತೆಗೇ ತರಿಸಿಕೊಳ್ಳಿ, ಆಮೇಲೆ ಶಿವಮೊಗ್ಗದಲ್ಲಿ ಹುಡುಕಿದರೆ ಸಿಗುವ ವಸ್ತುವಲ್ಲ. ಕಾರ್ಬನ್ ಬ್ರಷ್ ಸವೆದರೆ ಮಾತ್ರ ಅಷ್ಟು ಚಿಂತೆಯಿಲ್ಲ, ಪಂಪ್‌ಸೆಟ್ ರಿವೈಂಡಿಂಗ್ ಮಾಡುವವರು ಅಳತೆಗೆ ಹೊಂದಿಸಿ ಹಾಕಿಕೊಡುತ್ತಾರೆ. ಸೀಲ್ ಮತ್ತು ಓ-ರಿಂಗ್ ನೀವು ಕೊಡಬೇಕು.

ಈಗ ಬ್ಯಾಟರಿ. 55 ಪೌಂಡಿನ ಮೋಟಾರ್ ಪೂರ್ತಿ ವೇಗದಲ್ಲಿ ಸುಮಾರು 50 ಆಂಪ್ ಎಳೆಯುತ್ತದೆ, ಪಿಡಬ್ಲ್ಯುಎಂನಲ್ಲಿ ಅರ್ಧ ವೇಗಕ್ಕೆ 15ರಿಂದ 20. ನಿಮ್ಮ ಇನ್ವರ್ಟರ್ ಬ್ಯಾಟರಿಯ ಮೇಲೆ 150 ಎಎಚ್ ಪಕ್ಕದಲ್ಲಿ ಸಿ20 ಎಂದು ಬರೆದಿರುತ್ತದೆ ನೋಡಿ. ಅಂದರೆ 7.5 ಆಂಪಿನಂತೆ 20 ಗಂಟೆ ಎಳೆದರೆ 150. 50 ಆಂಪ್ ಎಳೆದರೆ 100ರ ಆಸುಪಾಸಿಗೆ ಬರುತ್ತದೆ, ಅದರಲ್ಲೂ ಆಯುಷ್ಯ ಉಳಿಯಬೇಕೆಂದರೆ ಅರ್ಧವೇ ಬಳಸಬೇಕು. ಪೂರ್ತಿ ವೇಗದಲ್ಲಿ ಒಂದು ಗಂಟೆ, ಅಷ್ಟೇ ಲೆಕ್ಕ. ಇದಕ್ಕೆ 50–60 ಕೆ.ಜಿ. ಹೊರಬೇಕು. ಎತ್ತರದ ಟ್ಯೂಬ್ಯುಲರ್ ಬ್ಯಾಟರಿ ದೋಣಿಯ ತೂಕವನ್ನೂ ಮೇಲಕ್ಕೆ ತರುತ್ತದೆ, ದೋಣಿ ವಾಲಿದರೆ ಮುಚ್ಚಳದಿಂದ ಆಸಿಡ್ ಚೆಲ್ಲುತ್ತದೆ, ನೈಲಾನ್ ಬಲೆ, ಹಗ್ಗ, ಕಾಲು ಯಾವುದನ್ನೂ ಅದು ಬಿಡುವುದಿಲ್ಲ. ಕಾರಿನ ಬ್ಯಾಟರಿಯಂತೂ ಬೇಡವೇ ಬೇಡ. ಅದರ ತೆಳು ಪ್ಲೇಟುಗಳು ಕ್ಷಣಕಾಲ ಸ್ಟಾರ್ಟ್ ಮಾಡುವುದಕ್ಕೆ ಇರುವಂಥವು, ಆಳಕ್ಕೆ ಖಾಲಿ ಮಾಡಿದರೆ ಒಂದು ಹಂಗಾಮಿನಲ್ಲೇ ಸಾಯುತ್ತದೆ.

ನನ್ನ ಆಯ್ಕೆ 12.8 ವೋಲ್ಟಿನ 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್. ತೂಕ 10–13 ಕೆ.ಜಿ. ಶೇಕಡಾ 90ರಷ್ಟು ಬಳಸಬಹುದು: ಪೂರ್ತಿ ವೇಗಕ್ಕೆ ಒಂದೂಮುಕ್ಕಾಲು ಗಂಟೆ, 20 ಆಂಪಿನಲ್ಲಾದರೆ ನಾಲ್ಕೂವರೆ. ತಗೊಳ್ಳುವಾಗ ಎಎಚ್ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ, ಮಿತಿ ಮೀರಿದರೆ ಕಟ್ ಮಾಡುವ ಎಲೆಕ್ಟ್ರಾನಿಕ್ ಬೋರ್ಡ್) ಎಡೆಬಿಡದೆ ಎಷ್ಟು ಆಂಪ್ ಕೊಡುತ್ತದೆ ಎಂದು ಬರಹದಲ್ಲಿ ಕೇಳಿ. 100 ಆಂಪ್ ಇರಲಿ. 50 ಆಂಪಿನ ಬಿಎಂಎಸ್ ಇದ್ದರೆ, ಗಾಳಿಗೆ ಎದುರಾಗಿ ಪೂರ್ತಿ ತಿರುಗಿಸಿದ ಹೊತ್ತಿಗೇ ಸರಿಯಾಗಿ ಕಟ್ ಆಗುತ್ತದೆ. ಚಾರ್ಜರ್ 14.6 ವೋಲ್ಟಿಗೆ ನಿಲ್ಲುವ ಲಿಥಿಯಂ ಚಾರ್ಜರೇ ಬೇಕು. ಮನೆಯ ಇನ್ವರ್ಟರಿನಲ್ಲಿ ಲಿಥಿಯಂ ಮೋಡ್ ಇಲ್ಲದಿದ್ದರೆ ಅದಕ್ಕೆ ಸಿಕ್ಕಿಸಬೇಡಿ. ಲಿಥಿಯಂ ಬ್ಯಾಟರಿಯಲ್ಲಿ ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ತಿಳಿಯುವುದಿಲ್ಲ, ಮುಗಿಯುವ ತನಕ 13ರ ಹತ್ತಿರವೇ ತೋರಿಸುತ್ತಿರುತ್ತದೆ. ಶಂಟ್ ಇರುವ, ಅಂದರೆ ಒಳಗೆ ಹೊರಗೆ ಹರಿದ ಕರೆಂಟನ್ನು ಲೆಕ್ಕ ಇಡುವ ಮೀಟರ್ ಹಾಕಿ.

ಅಷ್ಟು ದುಡ್ಡು ಈಗ ಇಲ್ಲ ಅಂದರೆ ಇ-ರಿಕ್ಷಾದ ಲೆಡ್ ಬ್ಯಾಟರಿ ನೋಡಿ. ಹೀಗೆ ದಿನಾ ಎಳೆಯುವ ಕೆಲಸಕ್ಕೇ ಮಾಡಿದ್ದು, ಒಂದು 30 ಕೆ.ಜಿ. ಆಸುಪಾಸು. ಮುಚ್ಚಳವಿರುವ, ಮೇಲೆ ಗಾಳಿ ಕಿಂಡಿ ಇರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ದೋಣಿಯ ತಳಕ್ಕೆ ಬೆಲ್ಟ್ ಬಿಗಿಯಿರಿ. ಅರ್ಧ ಗಂಟೆ ಸುಮ್ಮನೆ ಬಿಟ್ಟು ಅಳೆದಾಗ 12.7 ಅಂದರೆ ತುಂಬಿದೆ, 12.2 ಅಂದರೆ ಅರ್ಧ. ಅಲ್ಲಿಗೆ ನಿಲ್ಲಿಸಿ, ಅವತ್ತೇ ಚಾರ್ಜಿಗೆ ಹಾಕಿ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟನ್ನು ನಂಬಿ ನಾಳೆ ಎಂದರೆ ಮೂರು ದಿನ ಆದೀತು, ಖಾಲಿ ಬಿಟ್ಟ ಲೆಡ್ ಬ್ಯಾಟರಿಗೆ ಅಷ್ಟರಲ್ಲಿ ಪ್ಲೇಟುಗಳ ಮೇಲೆ ಸಲ್ಫೇಟ್ ಕಟ್ಟಿ ಶಕ್ತಿ ಕುಂದುತ್ತದೆ.

ಬ್ಯಾಟರಿ ಯಾವುದೇ ಇರಲಿ, ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಗಾಳಿಗೆ. ಹುಟ್ಟು ದೋಣಿಯಲ್ಲಿ ಇರಲೇಬೇಕು, ಲೈಫ್ ಜಾಕೆಟ್ ಮೈಮೇಲೆ ಇರಬೇಕು.

ವೈರಿನ ವಿಷಯದಲ್ಲಿ ಮನೆ ವೈರಿಂಗಿನಲ್ಲಿ ಮಿಕ್ಕ 4 ಚದರ ಮಿ.ಮೀ. ತಂತಿ ಎಳೆಯುವವರಿದ್ದಾರೆ. ಬ್ಯಾಟರಿ ದೋಣಿಯ ಮುಂದೆ, ಮೋಟಾರ್ ಹಿಂದೆ, ಮಧ್ಯೆ 3 ಮೀಟರ್ ಇದ್ದರೆ ಹೋಗಿಬರುವ ತಂತಿ 6 ಮೀಟರ್. 50 ಆಂಪಿಗೆ ಇದರಲ್ಲಿ 1.4 ವೋಲ್ಟ್ ಕಳೆದುಹೋಗುತ್ತದೆ, 70 ವ್ಯಾಟ್ ಬರೀ ತಂತಿ ಬಿಸಿಯಾಗಲು. 16 ಚದರ ಮಿ.ಮೀ. ತಾಮ್ರದ ವೆಲ್ಡಿಂಗ್ ಕೇಬಲ್ ಹಾಕಿದರೆ ನಷ್ಟ 0.35 ವೋಲ್ಟಿಗೆ ಇಳಿಯುತ್ತದೆ. ತುದಿಗೆ ತಾಮ್ರದ ಲಗ್ (ಬೋಲ್ಟಿಗೆ ಸಿಕ್ಕಿಸುವ ತೂತಿನ ತುಂಡು) ಹಾಕಿ ಕ್ರಿಂಪ್ ಮಾಡಿಸಿ, ಅಂದರೆ ಉಪಕರಣದಿಂದ ಒತ್ತಿ ಬಿಗಿಸಿ, ಕೈಯಲ್ಲಿ ಸುತ್ತಿ ಟೇಪ್ ಹಾಕಿದ ಜೋಡಣೆ ಬೇಡ. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ 60 ಆಂಪಿನ ಡಿಸಿ ಬ್ರೇಕರ್ ಇರಲಿ. ಮನೆಯ ಎಸಿ ಎಂಸಿಬಿ ಇಲ್ಲಿಗೆ ಆಗದು. ಡಿಸಿಯ ಕಿಡಿ ಅದರೊಳಗೆ ಆರದೆ ಉರಿಯುತ್ತಲೇ ಇರಬಹುದು.

ಬಲೆಯವರಿಗೆ ವಿಶೇಷವಾಗಿ ಹೇಳಬೇಕಾದ್ದು ತಂಗೂಸಿಯ ಕಥೆ. ಫ್ಯಾನಿಗೆ ಸಿಕ್ಕಿದ ತಂಗೂಸಿ ಹಿಂದಕ್ಕೆ ಸರಿದು ಶಾಫ್ಟಿನ ಬುಡದಲ್ಲಿ ಸುತ್ತಿಕೊಳ್ಳುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಬಿಸಿಯಾಗಿ ರಬ್ಬರ್ ಸೀಲನ್ನು ಕೊಯ್ಯುತ್ತದೆ, ನೀರು ಒಳಹೊಕ್ಕು ಬೇರಿಂಗ್, ಆರ್ಮೇಚರ್ ತುಕ್ಕು ಹಿಡಿದಾಗಲೇ ಗೊತ್ತಾಗುವುದು. ಬಲೆ ಎತ್ತುವಾಗ ಮೋಟಾರನ್ನು ನೀರಿನಿಂದ ಮೇಲೆ ಮಡಚಿಬಿಡಿ, ಹುಟ್ಟಿನಲ್ಲೇ ಸರಿಯಿರಿ. ವಾರಕ್ಕೊಮ್ಮೆ ಬ್ಯಾಟರಿ ಕಳಚಿ, ನಟ್ ಬಿಚ್ಚಿ ಫ್ಯಾನು ತೆಗೆದು ಹಿಂದೆ ನೋಡಿ. ಅಂತರಗಂಗೆ ಅಥವಾ ಜೊಂಡು ಸಿಕ್ಕಿ ಫ್ಯಾನು ನಿಂತರೆ ತಕ್ಷಣ ಸ್ವಿಚ್ ಸೊನ್ನೆಗೆ ತನ್ನಿ. ನಿಂತ ಮೋಟಾರಿಗೆ ಕರೆಂಟ್ ಹರಿಯುತ್ತಿದ್ದರೆ ಬ್ರಷ್, ವೈಂಡಿಂಗ್ ಸುಡಲು ಹೆಚ್ಚು ಹೊತ್ತು ಬೇಡ.

ಹಿಂಬದಿಯಲ್ಲಿ ಚಪ್ಪಟೆ ಹಲಗೆ ಇಲ್ಲದ, ಎರಡೂ ಕಡೆ ಚೂಪಾದ ಮರದ ದೋಣಿಯವರು ಅಂಚಿನಿಂದ ಅಂಚಿಗೆ 40 ಮಿ.ಮೀ. ದಪ್ಪದ ಹಲಗೆ ಬೋಲ್ಟ್ ಹಾಕಿ ಅದರ ತುದಿಗೆ ಕೂರಿಸಬಹುದು. ದುಂಡಗಿನ ತೆಪ್ಪಕ್ಕೆ ಬೇಡ, ಸುತ್ತು ಹೊಡೆಯುತ್ತದೆ. ಎಲ್ಲಿ ಕೂರಿಸಿದರೂ ಕ್ಲ್ಯಾಂಪಿನ ಸ್ಕ್ರೂ ನಡುಗಿ ಸಡಿಲವಾಗುತ್ತದೆ. ಮೋಟಾರಿನಿಂದ ದೋಣಿಗೆ ಒಂದು ಗಟ್ಟಿ ಹಗ್ಗ ಕಟ್ಟಿರಲಿ. ಸಿಹಿನೀರಿಗೆ ಸಮುದ್ರದ ಮಾದರಿ ತಗೊಂಡು ಹೆಚ್ಚು ಕೊಡಬೇಕಾಗಿಲ್ಲ. ಮತ್ತೊಂದು: ಹಿನ್ನೀರಿನ ಒಂದು ಭಾಗ ಶರಾವತಿ ಕಣಿವೆ ಅಭಯಾರಣ್ಯದೊಳಗಿದೆ. ಮೀನುಗಾರಿಕೆ ಇಲಾಖೆಯ ಪರವಾನಗಿ ಯಾವ ಭಾಗಕ್ಕೆ, ದೋಣಿಗೆ ಮೋಟಾರ್ ಹಾಕಲು ಬೇರೆ ಅನುಮತಿ ಬೇಕೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ.

ಎಲ್ಲ ಜೋಡಿಸಿದ ಮೇಲೆ ದೋಣಿಯನ್ನು ದಡದ ಮರಕ್ಕೆ ಹಗ್ಗದಿಂದ ಕಟ್ಟಿ, ಮೋಟಾರನ್ನು ನೀರಿನಲ್ಲಿ ಹತ್ತು ನಿಮಿಷ ಪೂರ್ತಿ ವೇಗದಲ್ಲಿ ಓಡಿಸಿ. ಓಡುತ್ತಿರುವಾಗಲೇ ಬ್ಯಾಟರಿಯ ತುದಿಯಲ್ಲೊಮ್ಮೆ, ಮೋಟಾರಿನ ತುದಿಯಲ್ಲೊಮ್ಮೆ ವೋಲ್ಟ್ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಯಾವುದೋ ಜೋಡಣೆ ಸಡಿಲವಿದೆ. ಆಮೇಲೆ ಬ್ರೇಕರ್ ಆಫ್ ಮಾಡಿ ಪ್ರತಿಯೊಂದು ಲಗ್ಗನ್ನೂ ಕೈಯಿಂದ ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಬಿಸಿ ಇರುವುದನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿ, ಮತ್ತೆ ಹತ್ತು ನಿಮಿಷ ಓಡಿಸಿ ನೋಡಿದ ಮೇಲೆಯೇ ಹಗ್ಗ ಬಿಚ್ಚಿ.