ಓಡುವವರೆಲ್ಲ ಅಥ್ಲೀಟಾ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಆಟೋಟ ಮತ್ತು ತರಬೇತಿ

ಪ್ರಶ್ನೆ: ಮಾಸ್ತರೇ, ನಾನು ಕಾರವಾರದ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರ್. ವಯಸ್ಸು 39. ಮೂರು ವರ್ಷದಿಂದ ಟ್ಯಾಗೋರ್ ಕಡಲತೀರದಲ್ಲಿ ಓಡುತ್ತಿದ್ದೇನೆ, ವಾರಕ್ಕೆ ನಾಲ್ಕು ದಿನ. 10 ಕಿ.ಮೀ. ಓಟಕ್ಕೆ ಎರಡು ಸಲ ಹೋಗಿದ್ದೆ. ಆಮೇಲೆ ಗೋವಾದಲ್ಲಿ ಒಂದು ಹಾಫ್ ಮ್ಯಾರಥಾನ್ ಮುಗಿಸಿದೆ, 2 ಗಂಟೆ 24 ನಿಮಿಷ ಹಿಡಿಯಿತು. ಅದೇ ಖುಷಿಯಲ್ಲಿ ಇನ್‌ಸ್ಟಾಗ್ರಾಂನಲ್ಲಿ ಹೆಸರಿನ ಕೆಳಗೆ ‘ಟೀಚರ್, ಅಥ್ಲೀಟ್’ ಅಂತ ಬರೆದುಕೊಂಡೆ. ಚೌತಿಗೆ ಮನೆಮಂದಿಯೆಲ್ಲ ಸೇರಿದಾಗ ನಮ್ಮ ಭಾವ, ‘ಪಿ.ಟಿ. ಉಷಾ ಬಂದರು, ದಾರಿ ಬಿಡಿ’ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ಆ ಪದ ಅಳಿಸಿಬಿಟ್ಟೆ. ನನ್ನಂಥವರು ಹಾಗೆ ಬರೆದುಕೊಳ್ಳುವುದು ತಪ್ಪಾ?
– ಹೆಸರು ಬೇಡ, ಕಾರವಾರ

ಉತ್ತರ: ಅಕ್ಕೋರೇ, ಅಳಿಸಿದ್ದನ್ನು ಮೊದಲು ವಾಪಸ್ ಬರೆಯಿರಿ. ಪತ್ರದಲ್ಲಿ ಹೇಳಿದ್ದನ್ನು ನೋಡಿದರೆ ನೀವು ಆ ಹೆಸರಿನ ಹೊಸ್ತಿಲಲ್ಲೇ ಇದ್ದೀರಿ. ಒಂದು ವಿಷಯ ಮಾತ್ರ ಬರೆದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಭಾವನ ಅಳತೆಗೋಲು ಸ್ವಲ್ಪ ಉದ್ದವಾಯಿತು. ಉಷಾ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀ. ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿಸಿಕೊಂಡವರು. ಅವರಷ್ಟು ಓಡಿದರೆ ಮಾತ್ರ ಅಥ್ಲೀಟ್ ಅನ್ನುವುದಾದರೆ ನಮ್ಮ ಜಿಲ್ಲೆಯಲ್ಲಿ ಆ ಹೆಸರು ಯಾರಿಗೆ ಸಿಕ್ಕೀತು? ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಮಕ್ಕಳು 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಗೆ ಆಯ್ಕೆಯಾಗಿ, ತರಬೇತಿ ಪಡೆದು ರಾಷ್ಟ್ರಮಟ್ಟದಲ್ಲಿ ಓಡಿದರು. ಅಂಥ ಕೆಲವರನ್ನು ಬಿಟ್ಟರೆ ಉಳಿದ ನಾವೆಲ್ಲ ಪ್ರೇಕ್ಷಕರ ಸಾಲಿನಲ್ಲೇ ಕೂರಬೇಕಾಗುತ್ತದೆ, ನಿಮ್ಮ ಭಾವನೂ ಸೇರಿ.

ವೇಗ ನೋಡಿ ತೀರ್ಮಾನ ಮಾಡಲು ಹೋದರೆ ಇನ್ನೊಂದು ತೊಂದರೆಯೂ ಇದೆ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಈಕ್ವಟೋರಿಯಲ್ ಗಿನಿ ದೇಶದಿಂದ ಎರಿಕ್ ಮುಸಾಂಬಾನಿ ಎಂಬ ಈಜುಗಾರ ಬಂದಿದ್ದರು. ಈಜು ಕಲಿತು ಕೆಲವೇ ತಿಂಗಳಾಗಿತ್ತು. 100 ಮೀ. ಫ್ರೀಸ್ಟೈಲ್‌ನಲ್ಲಿ ಅವರ ಜೊತೆಗಿದ್ದ ಇಬ್ಬರು ಸಂಕೇತಕ್ಕೆ ಮುಂಚೆಯೇ ನೀರಿಗೆ ಹಾರಿ ಅನರ್ಹರಾದರು. ಇವರೊಬ್ಬರೇ ಈಜಿದರು. ಕೊನೆಯ ಕೆಲವು ಮೀಟರ್ ಮುಳುಗುತ್ತಾರೇನೋ ಅನ್ನುವ ಹಾಗಿತ್ತು. 1 ನಿಮಿಷ 52.72 ಸೆಕೆಂಡ್. ಅದೇ ಕೂಟದಲ್ಲಿ ನೆದರ್‌ಲೆಂಡ್ಸ್‌ನ ಪೀಟರ್ ವಾನ್ ಡೆನ್ ಹೂಗನ್‌ಬ್ಯಾಂಡ್ ಇದೇ ದೂರವನ್ನು 47.84 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದ್ದರು. ಕಾಳಿ ನದಿ ದಡದ ಎಷ್ಟೋ ಹುಡುಗರು ಮುಸಾಂಬಾನಿಗಿಂತ ಬೇಗ ಈಜಿಯಾರು. ಆದರೂ ಒಲಿಂಪಿಯನ್ ಅವರೇ. ಮುಂದೆ ತಮ್ಮ ದೇಶದ ಈಜು ತಂಡಕ್ಕೆ ಕೋಚ್ ಕೂಡ ಆದರು.

ಹಾಗಾದರೆ ಅಳೆಯುವುದು ಹೇಗೆ? ವೈದ್ಯಕೀಯ ಸಂಶೋಧಕರಿಗೂ ಈ ತಲೆನೋವು ಇತ್ತು. 2016ರಲ್ಲಿ ಇಬ್ಬರು ಸಂಶೋಧಕರು ನಾಲ್ಕು ಷರತ್ತು ಹಾಕಿದರು. ಆಟ ಸುಧಾರಿಸಬೇಕು ಅಂತಲೇ ತರಬೇತಿ ಮಾಡಬೇಕು, ಸ್ಪರ್ಧೆಗೆ ಇಳಿಯಬೇಕು, ಯಾವುದಾದರೂ ಕ್ರೀಡಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿರಬೇಕು, ದಿನದ ಹೆಚ್ಚು ಹೊತ್ತು ಆಟಕ್ಕೇ ಹೋಗಬೇಕು. ಮೊದಲ ಎರಡು ಸರಿ. ಮೂರನೆಯದು ಊರಿನಲ್ಲಿ ಸಂಸ್ಥೆ ಇದ್ದವರಿಗೆ ಸುಲಭ. ನಾಲ್ಕನೆಯದನ್ನು ನಾನು ಒಪ್ಪುವುದಿಲ್ಲ. ಶಾಲೆ, ಅಡುಗೆಮನೆ, ಮಕ್ಕಳ ಹೋಂವರ್ಕ್ ಇರುವ ಯಾರೂ ಅದರಲ್ಲಿ ಪಾಸಾಗುವುದಿಲ್ಲ. ದುಡಿದು ತಿನ್ನುವವರನ್ನು ಪೂರ್ತಿ ಹೊರಗಿಟ್ಟ ಹಾಗಾಯಿತು.

2022ರಲ್ಲಿ ಬಂದ ಇನ್ನೊಂದು ವರ್ಗೀಕರಣ ನನಗೆ ಹೆಚ್ಚು ಹಿಡಿಸಿತು. ಅದರಲ್ಲಿ ಸೊನ್ನೆಯಿಂದ ಐದರವರೆಗೆ ಮೆಟ್ಟಿಲುಗಳಿವೆ. ಸೊನ್ನೆಯಲ್ಲಿ ಕೂತೇ ಇರುವವರು. ಒಂದರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಹಾಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆವರಿಸುವವರು. ಎರಡರಲ್ಲಿ ಒಂದು ನಿರ್ದಿಷ್ಟ ಆಟವನ್ನು ತಮ್ಮದು ಅಂದುಕೊಂಡು, ವಾರಕ್ಕೆ ಸುಮಾರು ಮೂರು ಸಲ, ಸ್ಪರ್ಧೆಯ ಗುರಿಯಿಟ್ಟು ತರಬೇತಿ ಮಾಡುವವರು. ಮೂರು ರಾಷ್ಟ್ರಮಟ್ಟದವರಿಗೆ, ನಾಲ್ಕು ಅಂತರರಾಷ್ಟ್ರೀಯ ಮಟ್ಟದವರಿಗೆ, ಐದು ಜಗತ್ತಿನ ತೀರಾ ಮೇಲಿನವರಿಗೆ. ನನ್ನ ಲೆಕ್ಕದಲ್ಲಿ ಅಥ್ಲೀಟ್ ಎರಡನೇ ಮೆಟ್ಟಿಲಿನಿಂದ ಶುರು. ಉಷಾ ಐದರಲ್ಲಿ ನಿಂತವರು. ಆದರೆ ಮೆಟ್ಟಿಲುಸಾಲು ಒಂದೇ ಅಲ್ವಾ?

ಈಗ ನೀವು ಬರೆಯದೆ ಬಿಟ್ಟ ವಿಷಯ. ವಾರಕ್ಕೆ ನಾಲ್ಕು ದಿನ ಓಡುತ್ತೇನೆ ಅಂದಿರಿ. ಆ ನಾಲ್ಕು ದಿನ ಏನು ಮಾಡುತ್ತೀರಿ ಅಂತ ಹೇಳಲಿಲ್ಲ. ನಾಲ್ಕೂ ದಿನ ಒಂದೇ ದೂರ, ಒಂದೇ ವೇಗದಲ್ಲಿ ಓಡಿ, ಸೂರ್ಯೋದಯದ ಫೋಟೊ ತೆಗೆದು ಮನೆಗೆ ಬಂದರೆ ಅದು ಒಳ್ಳೆಯ ವ್ಯಾಯಾಮ. ಖಂಡಿತ ಬಿಡಬೇಡಿ. ಆದರೆ ಅದು ಒಂದನೇ ಮೆಟ್ಟಿಲು. ಎರಡನೆಯದರಲ್ಲಿ ಇವತ್ತಿನ ಓಟ ಇವತ್ತಿಗಾಗಿ ಇರುವುದಿಲ್ಲ. ಮುಂದಿನ ಸ್ಪರ್ಧೆಗಾಗಿ ಇರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಗುರುವಾರ ಸಂಜೆ ಮಾಲಾದೇವಿ ಮೈದಾನದಲ್ಲಿ 400 ಮೀ. ಅಳೆದುಕೊಂಡು ಆರು ಸಲ ಓಡಿ. ನಡುನಡುವೆ ಎರಡು ನಿಮಿಷ ನಡಿಗೆ. ನಿಮ್ಮ ಟೈಮಿಂಗ್ ನೋಡಿದರೆ ಒಂದೊಂದಕ್ಕೆ 2 ನಿಮಿಷ 30 ಸೆಕೆಂಡಿನ ಆಸುಪಾಸು ಸಾಕು. ಆರೂ ಹೆಚ್ಚುಕಮ್ಮಿ ಅಷ್ಟೇ ಹೊತ್ತಿನಲ್ಲಿ ಬರಬೇಕು. ಅದೇ ಇಲ್ಲಿ ಕಷ್ಟ. ಮೊದಲನೆಯದು 2:10, ಕೊನೆಯದು 2:50 ಬಂದರೆ ನೀವು ಓಡಿದ್ದು ಹುಮ್ಮಸ್ಸಿನಲ್ಲಿ, ತರಬೇತಿಯಲ್ಲಲ್ಲ. ಮೊದಲನೆಯದರಲ್ಲಿ ಕಾಲು ತಡೆಹಿಡಿದು, ಆರನೆಯದಕ್ಕೆ ಉಸಿರು ಉಳಿಸಿಕೊಂಡವರನ್ನು ನಾನು ಕಣ್ಣುಮುಚ್ಚಿ ಅಥ್ಲೀಟ್ ಅನ್ನುತ್ತೇನೆ, ಅವರ ಟೈಮಿಂಗ್ ಎಷ್ಟೇ ಇರಲಿ. ಆರೂ ಸಮಯ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಾಪಿ ತಿದ್ದುವ ಕೆಂಪು ಪೆನ್ನು ಹೇಗೂ ನಿಮ್ಮ ಹತ್ತಿರ ಇದೆ.

ಕಡಲತೀರದ ಬಗ್ಗೆಯೂ ಒಂದು ಮಾತು. ನೀರು ಇಳಿದ ಹೊತ್ತಿನಲ್ಲಿ ಅಂಚಿನ ಒದ್ದೆ ಮರಳು ಗಟ್ಟಿ, ಓಡಲು ಹಿತ. ಆದರೆ ಅದು ನೀರಿನ ಕಡೆಗೆ ವಾಲಿರುತ್ತದೆ. ಒಂದೇ ದಿಕ್ಕಿಗೆ ಓಡಿ, ರಸ್ತೆ ಹಿಡಿದು ನಡೆದು ಬಂದರೆ ಸಮುದ್ರದ ಕಡೆಯ ಕಾಲು ಸದಾ ತಗ್ಗಿನಲ್ಲೇ ಬೀಳುತ್ತದೆ. ತಿಂಗಳೊಪ್ಪತ್ತಿನಲ್ಲಿ ಸೊಂಟವೋ ಮಂಡಿಯ ಹೊರಬದಿಯೋ ಹಿಡಿದುಕೊಳ್ಳುತ್ತದೆ. ಹೋದಷ್ಟೇ ದೂರ ಅದೇ ಮರಳಿನ ಮೇಲೆ ವಾಪಸ್ ಓಡಿ.

ಹೆಸರು ಇಟ್ಟುಕೊಂಡರೆ ಜವಾಬ್ದಾರಿಯೂ ಬರುತ್ತದೆ. ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾದ ಸಂಹಿತೆಯಲ್ಲಿ 2021ರಿಂದ ಹವ್ಯಾಸಿ ಕ್ರೀಡಾಪಟುಗಳಿಗೇ ಒಂದು ಪ್ರತ್ಯೇಕ ವರ್ಗ ಇದೆ. ಹಿಂದಿನ ಐದು ವರ್ಷದಲ್ಲಿ ರಾಷ್ಟ್ರ, ಅಂತರರಾಷ್ಟ್ರೀಯ ಮಟ್ಟದಲ್ಲಿ ಆಡದವರು ಅದರಲ್ಲಿ ಬರುತ್ತಾರೆ. ಆಯಾ ದೇಶದ ಸಂಸ್ಥೆ ಬಯಸಿದರೆ ಅಂಥವರನ್ನೂ ಪರೀಕ್ಷಿಸಬಹುದು. ನಮ್ಮಲ್ಲಿ ಇದಕ್ಕೆ 2022ರ ಕಾಯ್ದೆಯೇ ಇದೆ. ಭಾವ ಒಪ್ಪಲಿ ಬಿಡಲಿ, ಸಂಹಿತೆ ನಿಮ್ಮಂಥವರನ್ನು ಕ್ರೀಡಾಪಟು ಅಂತ ಆಗಲೇ ಕರೆದಿದೆ. ಹಾಗಾಗಿ ಯಾರೋ ಕೊಟ್ಟ ‘ಸ್ಟ್ಯಾಮಿನಾ ಪುಡಿ’ ಸುಮ್ನೆ ಬಾಯಿಗೆ ಹಾಕಿಕೊಳ್ಳಬೇಡಿ.

ಮುಂದಿನ ವರ್ಷ ನಿಮಗೆ 40. ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 35 ದಾಟಿದವರಿಗೆ ಐದೈದು ವರ್ಷಕ್ಕೊಂದು ವಿಭಾಗ. ನೀವು 40ರ ವಿಭಾಗದಲ್ಲಿ ಹೊಸಬರಾಗಿ, ಎಲ್ಲರಿಗಿಂತ ಚಿಕ್ಕವರಾಗಿ ಇಳಿಯಬಹುದು. ವಯಸ್ಸಾದಂತೆ ಅನುಕೂಲವಾಗುವ ಆಟ ಇದೊಂದೇ ಇರಬೇಕು. 5,000 ಮೀ. ಪ್ರಯತ್ನಿಸಿ.

ಪ್ರಶ್ನೆ: ಅಂಕೋಲಾ ಹತ್ತಿರದ ಊರು ನಮ್ಮದು. ವಯಸ್ಸು 24. ಬೋಟಿಗೆ ಹೋಗುತ್ತೇನೆ. ಬೋಟು ಇಲ್ಲದ ದಿನ ಊರಿನವರ ಜೊತೆ ದಡದಲ್ಲಿ ನಿಂತು ಎಂಡಿ ಬಲೆ ಎಳೆಯುತ್ತೇನೆ. ಸೀಸನ್ನಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳಲ್ಲಿ ರೇಡರ್ ಆಗಿ ಆಡುತ್ತೇನೆ. ಬೇರೆ ಊರಿನವರೂ ದುಡ್ಡು ಕೊಟ್ಟು ಕರೆಯುತ್ತಾರೆ. ‘ದುಡ್ಡು ತಗೊಂಡ ಮೇಲೆ ನೀನು ಹವ್ಯಾಸಿ ಅಲ್ಲ, ಪ್ರೊಫೆಷನಲ್ಲೂ ಅಲ್ಲ, ಬರೀ ಕೂಲಿ’ ಅಂತ ಗೆಳೆಯರು ಆಡಿಕೊಳ್ಳುತ್ತಾರೆ. ನಾನು ಯಾರು?
– ರೇಡರ್, ಅಂಕೋಲಾ ತಾಲೂಕು

ಉತ್ತರ: ತಮ್ಮಾ, ಈ ಜಗಳ ನಿನ್ನ ಗೆಳೆಯರದ್ದಲ್ಲ, ನೂರೈವತ್ತು ವರ್ಷದಷ್ಟು ಹಳೆಯದು. ಇಂಗ್ಲೆಂಡಿನ ಥೇಮ್ಸ್ ನದಿಯ ಹೆನ್ಲಿಯಲ್ಲಿ ದೊಡ್ಡದೊಂದು ದೋಣಿ ಸ್ಪರ್ಧೆ ನಡೆಯುತ್ತದೆ. 19ನೇ ಶತಮಾನದ ಕೊನೆಯಲ್ಲಿ ಅಲ್ಲಿಯ ನಿಯಮದ ಪ್ರಕಾರ ಮೈಮುರಿದು ದುಡಿಯುವ ಕೂಲಿಕಾರ, ಕುಶಲಕರ್ಮಿಗಳಿಗೆ ಪ್ರವೇಶವೇ ಇರಲಿಲ್ಲ. ದುಡಿದು ಗಟ್ಟಿಯಾದ ಮೈಗೆ ಅನ್ಯಾಯದ ಲಾಭ ಅನ್ನುವುದು ಅವರ ವಾದ. ಅಂದರೆ ಬಲೆ ಎಳೆದು ತೋಳು ಬೆಳೆಸಿದ ನಿನ್ನನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಇಟ್ಟಿಗೆ ಕೆಲಸ ಮಾಡಿದ್ದ ಅಮೆರಿಕದ ಜಾನ್ ಕೆಲ್ಲಿಯನ್ನು 1920ರಲ್ಲಿ ಸೇರಿಸಿಕೊಳ್ಳಲಿಲ್ಲ. ಅದೇ ವರ್ಷ ಅವರು ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದರು. ಆ ನಿಯಮ ಹೋದದ್ದು 1937ರಲ್ಲಿ.

ದುಡ್ಡಿನ ಕಥೆಯೂ ಹಾಗೇ. ಅಮೆರಿಕದ ಜಿಮ್ ಥೋರ್ಪ್ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಐದು ಸ್ಪರ್ಧೆಗಳ ಪೆಂಟಾಥ್ಲಾನ್, ಹತ್ತು ಸ್ಪರ್ಧೆಗಳ ಡೆಕಾಥ್ಲಾನ್ ಎರಡನ್ನೂ ಗೆದ್ದವರು. ಅದಕ್ಕೆ ಮುಂಚೆ ಸಣ್ಣ ಲೀಗಿನಲ್ಲಿ ಒಂದಿಷ್ಟು ಡಾಲರ್ ಪಡೆದು ಬೇಸ್‌ಬಾಲ್ ಆಡಿದ್ದರು ಅಂತ 1913ರಲ್ಲಿ ಪದಕ ಕಿತ್ತುಕೊಂಡರು. ಅವರು ತೀರಿಕೊಂಡದ್ದು 1953ರಲ್ಲಿ. ಮಕ್ಕಳ ಕೈಗೆ ಪದಕ ಸಿಕ್ಕಿದ್ದು 1983ರಲ್ಲಿ. ಜಂಟಿಯಾಗಿ ಅಲ್ಲ, ಅವರೊಬ್ಬರೇ ವಿಜೇತರು ಅಂತ ಒಪ್ಪಿದ್ದು 2022ರಲ್ಲಿ. ಒಲಿಂಪಿಕ್ಸ್‌ನವರೇ 1970ರ ದಶಕದಲ್ಲಿ ತಮ್ಮ ನಿಯಮದಿಂದ ಹವ್ಯಾಸಿ ಅನ್ನುವ ಷರತ್ತು ಕೈಬಿಟ್ಟರು. ನಿನ್ನ ಆಟವನ್ನೇ ನೋಡು. ಪ್ರೊ ಕಬಡ್ಡಿ 2014ರಲ್ಲಿ ಶುರುವಾಗಿ, ಹರಾಜಿನಲ್ಲಿ ಕೋಟಿ ದಾಟಿದ ಆಟಗಾರರಿದ್ದಾರೆ. ರಾಷ್ಟ್ರೀಯ ಸಂಸ್ಥೆಯ ಹೆಸರು ಮಾತ್ರ ಇನ್ನೂ ‘ಅಮೆಚೂರ್ ಕಬಡ್ಡಿ ಫೆಡರೇಷನ್ ಆಫ್ ಇಂಡಿಯಾ’! ಅವರಿಗಿಲ್ಲದ ಮುಜುಗರ ನಿನಗೇಕೆ? ಕರೆದವರು ಕೊಟ್ಟ ದುಡ್ಡು ಇಟ್ಟುಕೋ.

ಆದರೆ ಒಂದು ಮಾತು ಕೇಳು. ಬಲೆ ಎಳೆಯುವುದು ಕಬಡ್ಡಿ ತರಬೇತಿ ಅಲ್ಲ. ಬೆನ್ನು, ತೋಳು, ಹಿಡಿತ ಬರುತ್ತದೆ, ನಿಜ. ರೇಡಿನ 30 ಸೆಕೆಂಡಿನಲ್ಲಿ ಬೇಕಾದ ಪಾದದ ಚುರುಕು ಬರುವುದಿಲ್ಲ. ಪಂದ್ಯದ ರಾತ್ರಿ ಮಾತ್ರ ಆಡುವವನು ಒಳ್ಳೆಯ ಆಟಗಾರನೇ ಇರಬಹುದು. ಅಥ್ಲೀಟ್ ಅಂತ ನಾನು ಹೇಳಬೇಕಾದರೆ ಪಂದ್ಯ ಇಲ್ಲದ ದಿನ ಅವನು ಏನು ಮಾಡುತ್ತಾನೆ ಅಂತ ನೋಡುತ್ತೇನೆ. ಎಡಗಾಲು ಸಿಕ್ಕಿದಾಗಲೆಲ್ಲ ಪಾದದ ಗಂಟು ಹಿಡಿಯುವ ಆಂಕಲ್ ಹೋಲ್ಡ್‌ಗೆ ಬಲಿಯಾಗುತ್ತೀಯಾ? ಆ ಒಂದು ತಪ್ಪನ್ನೇ ಹಿಡಿದು, ಗೆಳೆಯನಿಗೆ ಕಾಲು ಕೊಟ್ಟು, ಬಿಡಿಸಿಕೊಳ್ಳುವುದನ್ನು ನೂರು ಸಲ ಮಾಡಿದ್ದೀಯಾ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ನಿಷೇಧ ಹೇಗೂ ಇದೆ. 61 ದಿನ. ಹೊರಗೆ ಮಳೆ ಹೊಡೆಯುತ್ತಿರುತ್ತದೆ, ಊರಿನ ಯಾವುದಾದರೂ ಸಭಾಭವನ ಕೇಳಿ ನಾಲ್ಕು ಹುಡುಗರನ್ನು ಸೇರಿಸು. ವಾರಕ್ಕೆ ಮೂರು ದಿನ ಸಾಕು.

ಪ್ರಶ್ನೆ: ಶಿರಸಿಯಲ್ಲಿ ಅಂಗಡಿ ಇದೆ. ವಯಸ್ಸು 33. ದೇವಿಮನೆ ಘಟ್ಟದಲ್ಲಿ ಸೈಕಲ್ ಹೊಡೆಯುವ ಹುಚ್ಚು. ವಿಮೆಗೆ ಅಂತ ಇಸಿಜಿ ಮಾಡಿಸಿದಾಗ ನಾಡಿಬಡಿತ 48 ಬಂತು. ಡಾಕ್ಟರ್ ‘ನೀವು ಅಥ್ಲೀಟಾ?’ ಅಂದರು. ನಾಚಿಕೆಯಾಗಿ ‘ಇಲ್ಲ ಸರ್, ಸುಮ್ನೆ ಸೈಕಲ್’ ಅಂದೆ. ಈಗ ಇನ್ನಷ್ಟು ಪರೀಕ್ಷೆ ಬರೆದಿದ್ದಾರೆ.
– ಸೈಕಲ್ ಸವಾರ, ಶಿರಸಿ

ಉತ್ತರ: ಇಲ್ಲಿ ಬೇಕಾಗಿದ್ದು ಬಿರುದಲ್ಲ, ಗಂಟೆಯ ಲೆಕ್ಕ. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 60ಕ್ಕಿಂತ ಕೆಳಗಿದ್ದರೆ ನಿಧಾನ ಅನ್ನುತ್ತಾರೆ. ವರ್ಷಗಟ್ಟಲೆ ಸೈಕಲ್ ತುಳಿದವರ ಹೃದಯಕ್ಕೆ 48 ಸಾಮಾನ್ಯ. ಅದು ಒಂದು ಬಡಿತದಲ್ಲಿ ಜಾಸ್ತಿ ರಕ್ತ ದೂಡುತ್ತದೆ. ವಾರಕ್ಕೆ ಕನಿಷ್ಠ ನಾಲ್ಕು ಗಂಟೆ ತರಬೇತಿ ಮಾಡುವವರ ಇಸಿಜಿ ಓದಲು ವೈದ್ಯರಿಗೆ ಬೇರೆಯೇ ಮಾನದಂಡ ಇದೆ. ಅದಕ್ಕೇ ಅವರು ಕೇಳಿದ್ದು. ‘ವಾರಕ್ಕೆ ಇಷ್ಟು ಗಂಟೆ, ಇಷ್ಟು ವರ್ಷದಿಂದ, ಘಟ್ಟ ಹತ್ತುತ್ತೇನೆ’ ಅಂತ ಹೋಗಿ ಹೇಳಿ. ತಲೆಸುತ್ತು, ಎಚ್ಚರ ತಪ್ಪುವುದು, ಎದೆ ಹಿಡಿದಂತಾಗುವುದು ಇದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೆ ದಿಢೀರನೆ ತೀರಿಕೊಂಡವರಿದ್ದರೆ ಅದನ್ನೂ ಮುಚ್ಚಿಡಬೇಡಿ. ಬರೆದುಕೊಟ್ಟ ಪರೀಕ್ಷೆ ಬೇಕೋ ಬೇಡವೋ ಅಂತ ಅವರೇ ಹೇಳಲಿ.

ಪ್ರಶ್ನೆ: ಮೂರು ಮ್ಯಾರಥಾನ್ ಓಡಿದ ಪದಕ ಇದೆ. ಸರ್ಕಾರಿ ಕೆಲಸದ ಅರ್ಜಿಯಲ್ಲಿ ಕ್ರೀಡಾಪಟು ಅಂತ ತುಂಬಬಹುದಾ?
– ಪದವೀಧರ, ಕುಮಟಾ

ಉತ್ತರ: ಬೇಡ. ದುಡ್ಡು ಕಟ್ಟಿ ಓಡಿದವರಿಗೆಲ್ಲ ಕೊಡುವ ಪದಕಕ್ಕೂ ಕ್ರೀಡಾ ಕೋಟಾಕ್ಕೂ ಸಂಬಂಧ ಇಲ್ಲ. ಅಲ್ಲಿ ಯಾವ ಕೂಟ, ಯಾವ ಮಟ್ಟ, ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ಮಾನ್ಯತೆ ಇದೆಯಾ ಅಂತ ಅಧಿಸೂಚನೆಯಲ್ಲೇ ಬರೆದಿರುತ್ತಾರೆ. ಅದನ್ನು ಓದಿ, ಅದರಲ್ಲಿ ಇಲ್ಲದಿದ್ದರೆ ಆ ಕಾಲಂ ಖಾಲಿ ಬಿಡಿ. ಹವ್ಯಾಸ ಅಂತ ಕೇಳಿದ ಜಾಗ ಇದ್ದರೆ ಅಲ್ಲಿ ಮ್ಯಾರಥಾನ್ ಅಂತ ಧಾರಾಳವಾಗಿ ಬರೆಯಿರಿ, ಟೈಮಿಂಗ್ ಸಮೇತ.