ಕನ್ನಡದಲ್ಲಿ ಕೇಳದೆ ಉಳಿದ ಪ್ರಶ್ನೆ

ಪ್ರೀತಿಯ ತಂಗಿಗೆ,

ಹಾಸನದ ನಿಮ್ಮ ಅತ್ತಿಗೆಯಿಂದ ನನ್ನ ವಿಳಾಸ ಪಡೆದು ನೀನು ಬರೆದ ಪತ್ರ ತಲುಪಿತು. ಅಕ್ಕ ಎಂದು ಕರೆದಿರುವುದರಿಂದ ನಾನೂ ಬಹುವಚನ ಬಿಟ್ಟು ಬರೆಯುತ್ತಿದ್ದೇನೆ. ಸೆಪ್ಟೆಂಬರಿನಲ್ಲಿ ಪತಿಯೊಂದಿಗೆ ಬರ್ಮಿಂಗ್‌ಹ್ಯಾಮಿಗೆ ಬಂದಿರುವುದಾಗಿ, ಬೆಂಗಳೂರಿನಲ್ಲಿ ಓದಿದ ಮನಃಶಾಸ್ತ್ರದ ಎಂ.ಎಸ್ಸಿ. ಪದವಿ ಇರುವುದಾಗಿ, ಇಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನ ಟಾಕಿಂಗ್ ಥೆರಪೀಸ್ ಎಂಬ ಮಾತಿನ ಚಿಕಿತ್ಸೆಯ ಸೇವೆಯಲ್ಲಿ ಸೈಕಲಾಜಿಕಲ್ ವೆಲ್‌ಬೀಯಿಂಗ್ ಪ್ರಾಕ್ಟೀಷನರ್ ಎಂಬ ಮೊದಲ ಹಂತದ ಚಿಕಿತ್ಸಕರ ತರಬೇತಿಗೆ ಅರ್ಜಿ ಹಾಕಬೇಕೆಂದಿರುವುದಾಗಿ ತಿಳಿಸಿದ್ದೀಯ. ಪದವಿಗೆ ಇಲ್ಲಿ ಬೆಲೆ ಇದೆಯೇ, ತರಬೇತಿ ಹೇಗಿರುತ್ತದೆ, ನಮ್ಮ ಉಚ್ಚಾರಣೆ ಅಡ್ಡಿಯಾಗುತ್ತದೆಯೇ ಎಂದು ಕೇಳಿ, ಕೊನೆಗೆ ಒಂದು ಮಾತು ಸೇರಿಸಿದ್ದೀಯ: "ನಮ್ಮವರಿಗೆ ಕನ್ನಡದಲ್ಲೇ ನೆರವಾಗುವುದಾದರೆ ನನಗೆ ಅಷ್ಟೇನೂ ಕಷ್ಟವಾಗಲಾರದು, ಅಲ್ಲವೇ ಅಕ್ಕ?" ಉಳಿದ ಪ್ರಶ್ನೆಗಳಿಗೆ ಚಿಕ್ಕದಾಗಿ ಉತ್ತರಿಸಬಲ್ಲೆ. ಈ ಕೊನೆಯ ಪ್ರಶ್ನೆಯನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ.

ನಾನು ಬಂದದ್ದು 2011ರ ನವೆಂಬರಿನಲ್ಲಿ. ಹೀಥ್ರೂನಿಂದ ಹೊರಟ ಬಸ್ಸು ಕೊವೆಂಟ್ರಿಯ ಪೂಲ್ ಮೆಡೋ ನಿಲ್ದಾಣದಲ್ಲಿ ಇಳಿಸಿದಾಗ ಸಂಜೆ ಐದೂ ಆಗಿರಲಿಲ್ಲ, ಆದರೆ ಆಗಲೇ ಕತ್ತಲು ಕವಿದಿತ್ತು. ಮಾನಸಗಂಗೋತ್ರಿಯ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮಳೆ ತಾಗದಂತೆ ಸ್ವೆಟರಿನ ಒಳಗೆ ಇಟ್ಟುಕೊಂಡಿದ್ದೆ. ಮುಂದಿನ ಎರಡು ವರ್ಷ ಆ ಕವರನ್ನು ಯಾರೂ ಬಿಚ್ಚಲು ಹೇಳಲಿಲ್ಲ. ಒಂದು ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ ಮಾಡಿದೆ. ಊರಿನಲ್ಲಿ ಯಾರಾದರೂ ಕೇಳಿದರೆ ಆಸ್ಪತ್ರೆಯಲ್ಲಿದ್ದೇನೆ ಎಂದಷ್ಟೇ ಹೇಳುವಂತೆ ಅಮ್ಮನಿಗೆ ತಿಳಿಸಿದ್ದೆ. ಅದು ತಪ್ಪೆಂದು ಈಗ ಅನಿಸುತ್ತದೆ, ಏಕೆಂದರೆ ಮುಂದೆ ಟ್ರೈನಿ ಹುದ್ದೆಯ ಸಂದರ್ಶನದಲ್ಲಿ ಅವರು ವಿವರವಾಗಿ ಕೇಳಿದ್ದು ನನ್ನ ಎಂ.ಎಸ್ಸಿ.ಯ ಬಗ್ಗೆ ಅಲ್ಲ. ಊಟ ಬೇಡವೆಂದು ತಟ್ಟೆ ತಳ್ಳುತ್ತಿದ್ದ ಒಬ್ಬ ವೃದ್ಧರ ಜೊತೆ ನಾನು ಹೇಗೆ ಮಾತನಾಡಿದೆ ಎಂಬುದರ ಬಗ್ಗೆ ಕೇಳಿದರು. ನಿನ್ನ ಪದವಿಯನ್ನು ಇಲ್ಲಿನ ಪದವಿಗೆ ಹೋಲಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದೆ, ಅದನ್ನು ಮಾಡಿಸಿಕೊ. ಅಷ್ಟರಲ್ಲಿ ಜನರೊಂದಿಗೆ ಒಡನಾಡುವ ಕೆಲಸ ಯಾವುದು ಸಿಕ್ಕರೂ ಕೀಳೆಂದು ಬಿಡಬೇಡ. ವೀಸಾದ ವಿಷಯವನ್ನು ಆಯಾ ಹುದ್ದೆಯ ಪ್ರಕಟಣೆಯಲ್ಲೇ ಓದಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು, ನನ್ನ ಕಾಲದ ನಿಯಮಗಳನ್ನು ನಂಬಬೇಡ.

ಈ ಕೆಲಸ ಹುಟ್ಟಿದ ಬಗೆಯನ್ನು ತಿಳಿದಿದ್ದರೆ ತರಬೇತಿಯ ಸ್ವರೂಪ ಅರ್ಥವಾಗುತ್ತದೆ. ಖಿನ್ನತೆಗೂ ಆತಂಕಕ್ಕೂ ಮಾತಿನ ಚಿಕಿತ್ಸೆ ಪರಿಣಾಮಕಾರಿ ಎಂಬುದಕ್ಕೆ ಆಧಾರಗಳಿದ್ದರೂ ಜನಸಾಮಾನ್ಯರಿಗೆ ಅದು ಸಿಗುತ್ತಿಲ್ಲವೆಂದು ಅರ್ಥಶಾಸ್ತ್ರಜ್ಞ ರಿಚರ್ಡ್ ಲೇಯಾರ್ಡ್ ಮತ್ತು ಮನಃಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ವಾದಿಸಿದರು. 2006ರಲ್ಲಿ ಡಾನ್‌ಕಾಸ್ಟರ್ ಮತ್ತು ಲಂಡನ್ನಿನ ನ್ಯೂಹ್ಯಾಮ್‌ಗಳಲ್ಲಿ ಪ್ರಯೋಗ ನಡೆದು, 2008ರಿಂದ ಯೋಜನೆ ಇಂಗ್ಲೆಂಡಿನಾದ್ಯಂತ ಹರಡಿತು. ನಾನು ಸೇರಿದಾಗ ಅದನ್ನು ಐಯಾಪ್ಟ್ ಎನ್ನುತ್ತಿದ್ದರು, ಈಗಿನ ಹೆಸರು ಬಂದದ್ದು 2023ರಲ್ಲಿ. ಎಲ್ಲರಿಗೂ ತಜ್ಞರನ್ನು ಒದಗಿಸಲು ಸಾಧ್ಯವಿಲ್ಲದಿರುವುದರಿಂದ ಚಿಕಿತ್ಸೆಯನ್ನು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ. ಕೆಳಗಿನ ಮೆಟ್ಟಿಲಿನಲ್ಲಿ ನಿಲ್ಲುವವರು ನಾವು. ಅರ್ಧ ಗಂಟೆಯ ಆಸುಪಾಸಿನ ಆರೆಂಟು ಭೇಟಿಗಳು, ಬಹುಮಟ್ಟಿಗೆ ಫೋನಿನಲ್ಲಿ, ಜೊತೆಗೆ ರೋಗಿಯೇ ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳು, ಇಷ್ಟರಲ್ಲಿ ಕೆಲಸ ನಡೆಯುತ್ತದೆ. ಇದನ್ನು ಲೋ ಇಂಟೆನ್ಸಿಟಿ, ಅಂದರೆ ಕಡಿಮೆ ತೀವ್ರತೆಯ ಚಿಕಿತ್ಸೆ ಎನ್ನುತ್ತಾರೆ. ಕಡಿಮೆಯಾಗಿರುವುದು ಚಿಕಿತ್ಸಕರು ಕೊಡುವ ಸಮಯ ಮಾತ್ರ. ಎದುರಿಗಿರುವವರ ಸಂಕಟ ಕಡಿಮೆ ಎಂದು ಎಣಿಸಿ ಬಂದವರು ಮೊದಲ ವಾರದಲ್ಲೇ ಕಂಗಾಲಾಗುವುದನ್ನು ಕಂಡಿದ್ದೇನೆ.

ತರಬೇತಿ ಸುಮಾರು ಒಂದು ವರ್ಷ ನಡೆಯುತ್ತದೆ. ಪಾಠಕ್ಕೆಂದು 45 ದಿನಗಳನ್ನು ಮೀಸಲಿಟ್ಟಿರುತ್ತಾರೆ, ಉಳಿದ ದಿನಗಳಲ್ಲಿ ಸೇವೆಯಲ್ಲೇ ಕೆಲಸ. ಸಂಬಳವೂ ಬರುತ್ತದೆ, ಎನ್‌ಎಚ್‌ಎಸ್ ವೇತನಶ್ರೇಣಿಯಲ್ಲಿ ಟ್ರೈನಿಗೆ ಬ್ಯಾಂಡ್ 4, ಉತ್ತೀರ್ಣರಾದ ಮೇಲೆ ಬ್ಯಾಂಡ್ 5. ವಾರಕ್ಕೊಮ್ಮೆ ಸೂಪರ್‌ವೈಸರ್ ಜೊತೆ ಕುಳಿತು ನಿನ್ನ ರೋಗಿಗಳ ಪಟ್ಟಿಯನ್ನು ಒಂದೊಂದಾಗಿ ಚರ್ಚಿಸಬೇಕು, ಅದಲ್ಲದೆ ಹದಿನೈದು ದಿನಕ್ಕೊಮ್ಮೆ ಕೌಶಲಗಳಿಗಾಗಿಯೇ ಬೇರೆ ಸೂಪರ್‌ವಿಷನ್ ಇರುತ್ತದೆ. ನಿಂತುಹೋದ ದಿನಚರಿಯನ್ನು ಸಣ್ಣ ಸಣ್ಣ ಕೆಲಸಗಳಿಂದ ಮತ್ತೆ ಕಟ್ಟುವುದು, ಹೆದರಿಕೆಯನ್ನು ಹಂತಹಂತವಾಗಿ ಎದುರಿಸುವುದು, ಚಿಂತೆಗೆ ದಿನದಲ್ಲಿ ಒಂದು ಹೊತ್ತನ್ನು ಗೊತ್ತುಮಾಡುವುದು, ನಿದ್ರೆಯನ್ನು ಸರಿಪಡಿಸುವುದು, ಇವೆಲ್ಲ ನಿನಗೆ ಪುಸ್ತಕದಿಂದ ಪರಿಚಿತವೇ.

ಕಠಿಣವಾದದ್ದು ಮೊದಲ ಭೇಟಿಯ ಪರೀಕ್ಷೆ. ಒಬ್ಬ ನಟ ರೋಗಿಯಾಗಿ ಬಂದು ಕೂರುತ್ತಾನೆ, ವಿಡಿಯೊ ಓಡುತ್ತಿರುತ್ತದೆ, ನಿನಗೆ ಮುಕ್ಕಾಲು ಗಂಟೆ ಅವಕಾಶ. ತೊಂದರೆ ಏನು, ಎಲ್ಲಿ, ಯಾವಾಗ, ಯಾರ ಜೊತೆಗಿದ್ದಾಗ ಎಂದು ಕೇಳಬೇಕು. ದೇಹದಲ್ಲಿ ಏನಾಗುತ್ತದೆ, ಆಗ ಏನು ಮಾಡುತ್ತಾರೆ, ಏನು ಯೋಚಿಸುತ್ತಾರೆ ಎಂಬುದನ್ನು ಬಿಡಿಸಿಕೊಳ್ಳಬೇಕು. ಜೀವಕ್ಕೆ ಅಪಾಯವಿದೆಯೇ ಎಂದು ನೇರವಾಗಿ ವಿಚಾರಿಸಬೇಕು. ಕೊನೆಗೆ ಎಲ್ಲವನ್ನೂ ನಾಲ್ಕೈದು ವಾಕ್ಯಗಳಲ್ಲಿ ಕೂಡಿಸಿ, ಅವರಿಗೇ ಓದಿ ಹೇಳಿ, "ನಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ?" ಎಂದು ಕೇಳಬೇಕು. ನಾನು ಮೊದಲ ಸಲ ಅನುತ್ತೀರ್ಣಳಾದೆ. ನಟಿಯ ಕಣ್ಣು ತುಂಬಿದ ಕೂಡಲೇ ನಾನು ಸಮಾಧಾನ ಹೇಳತೊಡಗಿದ್ದೆ, ಎಲ್ಲ ಸರಿಹೋಗುತ್ತದೆ, ಧೈರ್ಯವಾಗಿರಿ ಎಂದು. ಅಳುವ ಕಾರಣ ತಿಳಿಯುವ ಮೊದಲೇ ಅಳುವನ್ನು ನಿಲ್ಲಿಸಲು ಹೊರಟಿದ್ದೀರಿ ಎಂದು ಪರೀಕ್ಷಕರು ಬರೆದಿದ್ದರು. ಯಾರಾದರೂ ಅತ್ತರೆ ನಾವು ಮಾಡುವುದು ಇದನ್ನೇ ಅಲ್ಲವೇ? ನೀನೂ ಬೆಳೆದದ್ದು ಅಂಥ ಮನೆಯಲ್ಲೇ, ನಾನು ವಿವರಿಸಬೇಕಾಗಿಲ್ಲ. ಉಚ್ಚಾರಣೆಯಿಂದ ಯಾವ ತೊಂದರೆಯೂ ಆಗಲಿಲ್ಲ. ನಿಧಾನವಾಗಿ ಮಾತನಾಡು, ಸಾಕು.

ಎರಡನೇ ಸಲ ಉತ್ತೀರ್ಣಳಾದೆ, ಒಳ್ಳೆಯ ಅಂಕಗಳೇ ಬಂದವು. ಇಂಗ್ಲಿಷಿನಲ್ಲಿ ಒಂದೊಂದು ಪ್ರಶ್ನೆಯನ್ನೂ ಕ್ರಮವಾಗಿ, ಬಿಡದೆ ಕೇಳುವುದು ರೂಢಿಯಾಗಿತ್ತು. ಆ ಹೊತ್ತಿನಲ್ಲಿ ಒಬ್ಬ ಕನ್ನಡದ ತಾಯಿಯ ಹೆಸರು ನನ್ನ ಪಟ್ಟಿಗೆ ಬಂತು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅವರಿಗೆ ಅರವತ್ತು ದಾಟಿತ್ತು, ಪತಿ ತೀರಿಕೊಂಡು ಒಂದು ವರ್ಷವಾಗಿತ್ತು. ನಿದ್ರೆಯಿಲ್ಲ, ಊಟ ಸೇರುತ್ತಿಲ್ಲವೆಂದು ಜಿಪಿ, ಅಂದರೆ ಅವರ ಕುಟುಂಬ ವೈದ್ಯರು, ಕಳುಹಿಸಿದ್ದರು. ದುಭಾಷಿಯನ್ನು ಗೊತ್ತುಮಾಡಬೇಕಾಗಿದ್ದಲ್ಲಿ, ಕನ್ನಡ ಬಲ್ಲ ನಾನಿದ್ದೇನೆ ಎಂಬ ಕಾರಣದಿಂದ ನನಗೇ ವಹಿಸಿದರು. ಫೋನಿನಲ್ಲಿ ನನ್ನ ನಮಸ್ಕಾರ ಕೇಳಿದೊಡನೆ ಅವರ ದನಿ ಬದಲಾಯಿತು. ಯಾವ ಊರಮ್ಮ, ಯಾರ ಪೈಕಿ ಎಂದು ಕೇಳಿದರು, ನಾನು ಹೇಳಿದೆ. ಆಮೇಲಿನ ಮಾತುಕತೆ ಮನೆಯ ಜಗುಲಿಯಲ್ಲಿ ಕುಳಿತಂತೆಯೇ ನಡೆಯಿತು. ಅಂದು ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ನಾನು ಈ ದೇಶಕ್ಕೆ ಬಂದದ್ದೇ ಇದಕ್ಕಾಗಿ ಎಂದುಕೊಂಡಿದ್ದೆ.

ಪ್ರತಿ ಭೇಟಿಯಲ್ಲೂ ತುಂಬಿಸಬೇಕಾದ, ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಎಂಬ ಪಟ್ಟಿ ನಿನಗೆ ಗೊತ್ತಿರುತ್ತದೆ, ಅದರ ಕನ್ನಡ ರೂಪವೂ ಸಿಗುತ್ತದೆ. ಕಳೆದ ಎರಡು ವಾರಗಳಲ್ಲಿ, ಸತ್ತಿದ್ದರೆ ಚೆನ್ನಾಗಿರುತ್ತಿತ್ತು ಎಂದೋ ತನಗೆ ತಾನೇ ನೋವು ಮಾಡಿಕೊಳ್ಳಬೇಕೆಂದೋ ಅನಿಸಿದೆಯೇ ಎಂಬುದು ಅದರ ಒಂಬತ್ತನೆಯ ಪ್ರಶ್ನೆ. ಎಂಟನ್ನು ಇದ್ದಂತೆಯೇ ಕೇಳಿದೆ. ಒಂಬತ್ತನೆಯದಕ್ಕೆ ಬಂದಾಗ, ತಾಯಿಯ ವಯಸ್ಸಿನವರನ್ನು ಹಾಗೆ ಕೇಳಲು ನಾಲಿಗೆ ಏಳಲಿಲ್ಲ. "ಅಂಥ ಯೋಚನೆಯೇನೂ ಇಲ್ಲ ತಾನೇ ಅಮ್ಮ?" ಎಂದೆ. "ಇಲ್ಲಮ್ಮ" ಎಂದರು. ಸೊನ್ನೆ ಎಂದು ಬರೆದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವರಾಗಿಯೇ "ದೇವರು ಬೇಗ ಕರೆಸಿಕೊಂಡರೆ ಸಾಕು" ಎಂದರು. ನನ್ನ ಅಜ್ಜಿ ಬದುಕಿರುವವರೆಗೂ ಕಾಲು ನೋವು ಬಂದಾಗಲೆಲ್ಲ ಹೇಳುತ್ತಿದ್ದ ಮಾತು ಅದು. "ಹಾಗೆಲ್ಲ ಅನ್ನಬಾರದು" ಎಂದು ನಾನು ಮುಂದಕ್ಕೆ ಹೋದೆ. ಕಿಟಕಿಯ ಬಳಿ ಇಟ್ಟಿದ್ದ ತುಳಸಿಯ ಕುಂಡವನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ, ನೀರು ಹಾಕಲು ಹೇಳಿದ್ದೇನೆ ಎಂದೂ ಹೇಳಿದರು. ಚಳಿಗೆ ತುಳಸಿ ಉಳಿಸುವುದು ಇಲ್ಲಿ ಎಷ್ಟು ಕಷ್ಟ ಎಂಬುದರ ಬಗ್ಗೆ ನಾವಿಬ್ಬರೂ ಮಾತನಾಡಿದೆವು.

ಐದನೆಯ ದಿನ ಅವರು ಜೀವ ತೆಗೆದುಕೊಳ್ಳಲು ಪ್ರಯತ್ನಿಸಿದರು. ಪಕ್ಕದ ಮನೆಯವರು ಸಮಯಕ್ಕೆ ಬಂದದ್ದರಿಂದ ಬದುಕಿದರು.

ತರಬೇತಿಗಾಗಿ ಅವರ ಒಪ್ಪಿಗೆ ಪಡೆದು ಆ ಮಾತುಕತೆಯನ್ನು ಧ್ವನಿಮುದ್ರಿಸಿದ್ದೆ. ಸೂಪರ್‌ವೈಸರ್ ನನ್ನನ್ನು ಕೂರಿಸಿಕೊಂಡು ಅದನ್ನು ಕೇಳಿದರು. ಅವರಿಗೆ ಕನ್ನಡ ಬಾರದು, ಆದ್ದರಿಂದ ಒಂದೊಂದು ವಾಕ್ಯ ಮುಗಿದಾಗಲೂ ನಿಲ್ಲಿಸಿ ಇಂಗ್ಲಿಷಿಗೆ ಅನುವಾದಿಸಬೇಕಾಗಿತ್ತು. ದೇವರು ಬೇಗ ಕರೆಸಿಕೊಂಡರೆ ಸಾಕು ಎಂಬ ಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆ ನನ್ನ ಗಂಟಲು ಕಟ್ಟಿತು, ಏಕೆಂದರೆ ಆ ಮಾತಿನ ಅರ್ಥ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಅವರು ಬೈಯಲಿಲ್ಲ. "ಆಗ ನೀವು ಏನು ಕೇಳಿದಿರಿ?" ಎಂದಷ್ಟೇ ವಿಚಾರಿಸಿದರು. ಧ್ವನಿಮುದ್ರಿಕೆಯಲ್ಲಿ ನನ್ನ "ಹಾಗೆಲ್ಲ ಅನ್ನಬಾರದು" ಎಂಬ ಮಾತಿನ ನಂತರ ಕೆಲವು ಕ್ಷಣ ಮೌನವಿದೆ, ಆ ತಾಯಿ ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ಇನ್ನೇನೋ ಹೇಳಲಿದ್ದರು. ನಾನು ಮುಂದಿನ ಪ್ರಶ್ನೆ ಕೇಳಿದೆ.

ಚೇತರಿಸಿಕೊಂಡ ಮೇಲೆ ಆ ತಾಯಿ ಮಗನ ಬಳಿಗೆ ಊರಿಗೆ ಹಿಂತಿರುಗಿದರೆಂದು ತಿಳಿಯಿತು. ಕ್ಷಮೆ ಕೇಳಲು ನನಗೆ ಅವಕಾಶವಿರಲಿಲ್ಲ, ಕೇಳಿದ್ದರೆ ಅದು ನನ್ನ ಸಮಾಧಾನಕ್ಕಾಗಿಯೇ ಆಗುತ್ತಿತ್ತೇನೋ. ಇಂಗ್ಲಿಷ್ ರೋಗಿಯೊಬ್ಬರು ಅದೇ ಮಾತು ಆಡಿದ್ದರೆ, ಯೋಚನೆ ಎಷ್ಟು ದಿನದಿಂದ ಇದೆ, ಏನಾದರೂ ನಿರ್ಧರಿಸಿದ್ದೀರಾ, ಸಿದ್ಧತೆ ಮಾಡಿಕೊಂಡಿದ್ದೀರಾ, ಹಿಂದೆ ಎಂದಾದರೂ ಹೀಗಾಗಿತ್ತೇ, ನಿಮ್ಮನ್ನು ತಡೆದು ನಿಲ್ಲಿಸುತ್ತಿರುವುದು ಏನು ಎಂದು ನಾನು ತಪ್ಪದೆ ಕೇಳುತ್ತಿದ್ದೆ. ಅವರ ಭಾಷೆ ನನಗೆ ಪೂರ್ತಿ ತಿಳಿಯದೆಂಬ ಎಚ್ಚರ ನನ್ನಲ್ಲಿತ್ತು. ಕನ್ನಡದಲ್ಲಿ ಆ ಎಚ್ಚರವೇ ಇರಲಿಲ್ಲ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂಬ ಹೆದರಿಕೆ ನಿನಗೂ ಇದ್ದೀತು. ಹಾಗಾಗುವುದಿಲ್ಲ. ಯಾರೂ ಕೇಳದಿದ್ದುದನ್ನು ಒಬ್ಬರು ಕೇಳಿದರಲ್ಲ ಎಂದು ಹಗುರಾಗುವವರೇ ಹೆಚ್ಚು ಎಂಬುದನ್ನು ಆಮೇಲಿನ ವರ್ಷಗಳಲ್ಲಿ ಕಂಡಿದ್ದೇನೆ.

ಆದ್ದರಿಂದ ನಿನ್ನ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ನಮ್ಮವರ ಜೊತೆ ಕೆಲಸ ಮಾಡಲು ನಿನಗೆ ಹೆಚ್ಚು ತರಬೇತಿ ಬೇಕು. ನಮ್ಮವರು ಬೇಜಾರು ಎನ್ನುತ್ತಾರೆ, ಎದೆ ಉರಿ ಎನ್ನುತ್ತಾರೆ, ಹೊಟ್ಟೆಯಲ್ಲಿ ಸಂಕಟ ಎನ್ನುತ್ತಾರೆ, ಜೀವ ಸಾಕಾಗಿದೆ ಎನ್ನುತ್ತಾರೆ. ಪ್ರತಿಯೊಂದನ್ನೂ ಮೊದಲ ಸಲ ಕೇಳಿದವಳಂತೆ "ಹಾಗೆಂದರೆ ನಿಮಗೆ ಏನಾಗುತ್ತದೆ?" ಎಂದು ವಿಚಾರಿಸು. "ಇಲ್ಲ ತಾನೇ" ಎಂದು ಎಂದೂ ಕೇಳಬೇಡ, ಅದು ಇಲ್ಲ ಎಂಬ ಉತ್ತರವನ್ನು ಬಾಯಿಗೆ ಇಟ್ಟಂತೆ. ಸೊಸೆಯೋ ಮಗನೋ ದುಭಾಷಿಯಾಗಿ ಪಕ್ಕದಲ್ಲಿ ಕೂತಿದ್ದರೆ, ಅವರನ್ನು ಗೌರವದಿಂದಲೇ ಹೊರಗೆ ಕಳುಹಿಸಿ ಮಾತನಾಡು. ಯಾರ ಪೈಕಿ ಎಂಬ ಪ್ರಶ್ನೆ ಬಂದಾಗ ನಯವಾಗಿ ಜಾರಿಕೊಳ್ಳುವುದನ್ನು ಕಲಿ. ಇಲ್ಲಿ ಕನ್ನಡಿಗರ ಬಳಗ ಚಿಕ್ಕದು. ಯುಗಾದಿಯ ಊಟದಲ್ಲಿ ಎದುರು ಬದುರಾಗಬೇಕಾದೀತು ಎಂಬ ಭಯವಿದ್ದರೆ ಅವರು ನಿನ್ನೆದುರು ಬಾಯಿ ಬಿಡುವುದಿಲ್ಲ.

ಇದೆಲ್ಲ ಇಂಗ್ಲಿಷರ ವಿದ್ಯೆ ಎಂದು ಮಾತ್ರ ಭಾವಿಸಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ತರಬೇತಿ ಕೊಟ್ಟು ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗೆ ಒಯ್ಯುವ ಮಾದರಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ರೂಪಿಸಿತ್ತು. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು, ಮನಃಶಾಸ್ತ್ರ ಓದದ ಸ್ಥಳೀಯರನ್ನೇ ಸಿದ್ಧಗೊಳಿಸಿ, ಆರರಿಂದ ಎಂಟು ಭೇಟಿಗಳಲ್ಲಿ ಖಿನ್ನತೆಗೆ ನೆರವಾಗಬಹುದೆಂದು ತೋರಿಸಿದರು. 2022ರಿಂದ ಭಾರತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುವವರಿದ್ದಾರೆ. ಆ ಫೋನಿನ ಇನ್ನೊಂದು ತುದಿಯಲ್ಲಿ ನಾನಿರಬೇಕಾಗಿತ್ತು ಎಂದು ಕೆಲವು ಸಂಜೆಗಳಲ್ಲಿ ಅನಿಸುತ್ತದೆ. ಈ ವಯಸ್ಸಿನಲ್ಲಿ ಮಕ್ಕಳ ಶಾಲೆ ಬಿಡಿಸಿ ಹಿಂತಿರುಗುವುದು ನನ್ನಿಂದ ಆಗದು. ನಿನಗೆ ಇನ್ನೂ ಸಮಯವಿದೆ.

ಅರ್ಜಿಯ ಕರಡನ್ನು ನನಗೆ ಕಳುಹಿಸು, ನೋಡಿಕೊಡುತ್ತೇನೆ. ಅದಕ್ಕಿಂತ ಮೊದಲು ಒಂದು ಕೆಲಸ ಮಾಡು. "ಸಾಯಬೇಕು ಎಂದು ನಿಮಗೆ ಅನಿಸಿದೆಯೇ?" ಎಂಬ ವಾಕ್ಯವನ್ನು ನಿಮ್ಮ ಮನೆಯ ಮಾತಿನಲ್ಲಿ, ನಿನ್ನ ಅಮ್ಮನನ್ನು ಕೇಳುವಾಗ ಬಳಸುವ ಮಾತಿನಲ್ಲೇ, ಬಾಯಿ ಬಿಟ್ಟು ಹೇಳಿ ನೋಡು. ಮೊದಲ ಹತ್ತು ಸಲ ಗಂಟಲಿನಲ್ಲೇ ಉಳಿಯುತ್ತದೆ. ಮುಂದಿನ ಭಾನುವಾರ ಬರ್ಮಿಂಗ್‌ಹ್ಯಾಮಿನಿಂದ ಕೊವೆಂಟ್ರಿಗೆ ರೈಲಿನಲ್ಲಿ ಬಾ, ಅರ್ಧ ಗಂಟೆಯೂ ಆಗುವುದಿಲ್ಲ. ಊಟವಾದ ಮೇಲೆ ನಾನು ರೋಗಿಯಾಗಿ ಕೂರುತ್ತೇನೆ, ನೀನು ಮುಕ್ಕಾಲು ಗಂಟೆ ನನ್ನನ್ನು ಕನ್ನಡದಲ್ಲಿ ವಿಚಾರಿಸು.

ನಿನ್ನ ಅಕ್ಕ