ಶಾಕ್ ಹೊಸದು ಹಾಕಿಸಿದ್ರೂ ಹಿಂದೆ ಲೊಡಕ್ ಅನ್ನುತ್ತೆ

ಪ್ರಶ್ನೆ: ಸರ್, ನನ್ನ ಕಾರಿಗೆ 15 ವರ್ಷ ಆಯ್ತು. ಹಂಪ್ ಇಳಿಸಿದಾಗೆಲ್ಲ ಹಿಂದಿನಿಂದ ಲೊಡಕ್ ಅಂತ ಸದ್ದು. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದೆ, ಸದ್ದು ಹೋಗಿಲ್ಲ. ಇನ್ನೇನ್ ನೋಡ್ಸಲಿ?

ಉತ್ತರ: ಮೊದ್ಲು ಬುಷ್ ನೋಡ್ಸಿ. ಆಕ್ಸಲ್ಲು ಅಥವಾ ಆರ್ಮು (ಚಕ್ರ ಹಿಡಿದಿರೋ ಕಬ್ಬಿಣದ ತೋಳು) ಗಾಡಿಯ ಬಾಡಿ ಜೊತೆ ಸೇರೋ ಜಾಗದಲ್ಲಿ ಕಬ್ಬಿಣದ ಬಳೆ ಒಳಗೆ ರಬ್ಬರ್ ಇರುತ್ತಲ್ಲ, ಅದು ವರ್ಷಗಳು ಕಳೆದಂಗೆ ಗಟ್ಟಿಯಾಗಿ ಬಿರುಕು ಬಿಟ್ಟು ಕೊನೆಗೆ ಬಳೆಯಿಂದ ಕಿತ್ಕೊಂಡು ಬರುತ್ತೆ, ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಬಡಿಯೋದೇ. ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ (ಬರೀ ಜಾಕ್ ನಂಬಿ ಕೆಳಗೆ ದಯವಿಟ್ಟು ಹೋಗ್ಬೇಡಿ), ಬುಷ್ ಪಕ್ಕ ಒಂದು ರಾಡ್ ಕೊಟ್ಟು ಮೀಟಿ. ಸವೆದಿದ್ರೆ ಸಲೀಸಾಗಿ ಅಲ್ಲಾಡುತ್ತೆ, ರಬ್ಬರ್ ಬಾಯ್ಬಿಟ್ಟಿರೋದು ಕಣ್ಣಿಗೇ ಕಾಣುತ್ತೆ. ಶಾಕ್‌ನ ಮೇಲಿನ ಮೌಂಟ್ (ಶಾಕ್ ಬಾಡಿ ಜೊತೆ ಸೇರೋ ಜೋಡಣೆ) ಹಳೇದೇ ಉಳಿಸಿದ್ರೆ ಅದನ್ನೂ ನೋಡ್ಬಿಡಿ.

ಬುಷ್ ಬದಲಾಯಿಸೋದಾದ್ರೆ ಎರಡೂ ಕಡೆ ಒಟ್ಟಿಗೆ. ಆಕ್ಸಲ್ ಇಳಿಸುವಾಗ ಕೆಳಗೆ ಆಸರೆ ಇರ್ಲಿ, ಅದರ ಭಾರ ಬ್ರೇಕ್ ಹೋಸ್ (ಬ್ರೇಕ್ ಆಯಿಲ್ ಪೈಪ್) ಮೇಲೆ ಬೀಳಬಾರ್ದು.

ಇನ್ನೊಂದು ಮಾತು, ತುಂಬಾ ಜನ ಇಲ್ಲೇ ತಪ್ಪೋದು: ಚಕ್ರ ಗಾಳಿಯಲ್ಲಿ ನೇತಾಡ್ತಿರುವಾಗಲೇ ಬುಷ್ ಬೋಲ್ಟ್ ಫುಲ್ ಟೈಟ್ ಮಾಡಿಬಿಡ್ತಾರೆ, ಆಮೇಲೆ ಗಾಡಿ ಇಳಿಸಿದ ತಕ್ಷಣ ರಬ್ಬರ್ ತಿರುಚಿಕೊಂಡೇ ಕೂರುತ್ತೆ, ಹೊಸದೂ ಬೇಗ ಹರಿಯುತ್ತೆ. ಗಾಡಿ ಭಾರ ಚಕ್ರದ ಮೇಲೆ ಬಿದ್ದ ಮೇಲೆ, ಕಂಪನಿ ಮ್ಯಾನ್ಯುಯಲ್‌ನಲ್ಲಿರೋ ಟಾರ್ಕ್‌ಗೆ (ಬೋಲ್ಟ್ ಎಷ್ಟು ಬಿಗಿ ಇರ್ಬೇಕು ಅನ್ನೋ ಅಳತೆ) ಕೊನೇ ಟೈಟ್ ಮಾಡ್ಸಿ. ಟೈರ್ ಒಂದೇ ಅಂಚಲ್ಲಿ ಸವೆದಿದ್ರೆ ಅಲೈನ್‌ಮೆಂಟೂ ಚೆಕ್ ಮಾಡ್ಸಿ.